ಗ್ಯಾಸ್ ಬಿಡುವ ಮುನ್ನ ಹಾಕಿದ ಲೆಕ್ಕ

ಗ್ಯಾಸ್ ಒಲೆ ಬಿಟ್ಟು ವಿದ್ಯುತ್ ಒಲೆಗೆ ಹೋಗಬೇಕೆನ್ನುವ ಹೋಟೆಲಿನವರು ಸಾಮಾನ್ಯವಾಗಿ ಸಿಲಿಂಡರಿನ ದರವನ್ನೂ ಯೂನಿಟ್ ದರವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಶಿವಮೊಗ್ಗದ ನಮ್ಮ ಸಸ್ಯಾಹಾರಿ ಹೋಟೆಲಿಗೆ ನಾನೂ ಅಲ್ಲಿಂದಲೇ ಲೆಕ್ಕ ಶುರು ಮಾಡಿದೆ. 19 ಕಿಲೋ ಸಿಲಿಂಡರಿನಲ್ಲಿರುವ ಶಾಖ ಸುಮಾರು 240 ಯೂನಿಟ್ ವಿದ್ಯುತ್ತಿಗೆ ಸಮ. ಅದರಲ್ಲಿ ಅರ್ಧದಷ್ಟು ಪಾತ್ರೆಯ ಪಕ್ಕದಿಂದಲೇ ಹಾರಿಹೋಗುತ್ತದೆ. ಇಂಡಕ್ಷನ್ ಒಲೆಯಲ್ಲಿ ಪೋಲಾಗುವುದು ಕಡಿಮೆಯಾದ್ದರಿಂದ ಅದೇ ಅಡುಗೆಗೆ 140 ಯೂನಿಟ್ ಸಾಕು. ತೆರಿಗೆ ಸೇರಿ ಯೂನಿಟ್‌ಗೆ 8 ರೂಪಾಯಿ ಹಿಡಿದರೆ 1,120 ರೂಪಾಯಿ. ಆಗ ಸಿಲಿಂಡರ್ 1,700ರ ಆಸುಪಾಸಿನಲ್ಲಿತ್ತು.

ಇದನ್ನು ನೋಡಿ ಹಿಗ್ಗುವಂತಿಲ್ಲ. ಇಡೀ ಅಡುಗೆಮನೆಯನ್ನು ಬದಲಿಸಲು ಮಂಜೂರಾದ ಲೋಡ್, ಅಂದರೆ ಒಂದೇ ಹೊತ್ತಿಗೆ ಎಳೆಯಬಹುದಾದ ವಿದ್ಯುತ್ತಿನ ಮಿತಿ, 20 ಕಿಲೋವ್ಯಾಟ್ ಹೆಚ್ಚಬೇಕಿತ್ತು. ಅದಕ್ಕೆ ನಿಗದಿತ ಶುಲ್ಕವೇ, ಒಲೆ ಹಚ್ಚಲಿ ಬಿಡಲಿ, ತಿಂಗಳಿಗೆ 4,000 ರೂಪಾಯಿ ಮೀರುತ್ತದೆ. ಏಳೆಂಟು ಸಿಲಿಂಡರುಗಳ ಉಳಿತಾಯ ಅಲ್ಲಿಗೇ ಮುಗಿಯಿತು. ಠೇವಣಿ, ವೈರಿಂಗ್ ಬೇರೆ. ಅಲ್ಯೂಮಿನಿಯಂ ಡಬರಿಗಳು ಇಂಡಕ್ಷನ್‌ಗೆ ಆಗುವುದಿಲ್ಲ, ಅಯಸ್ಕಾಂತ ಹಿಡಿಯುವ ತಳದ ಸ್ಟೀಲ್ ಪಾತ್ರೆಗಳನ್ನೇ ಕೊಳ್ಳಬೇಕು. ಕರೆಂಟು ಹೋದಾಗ ಜನರೇಟರ್ ಹಚ್ಚೋಣವೆಂದರೆ ಒಂದು ಲೀಟರ್ ಡೀಸೆಲ್‌ಗೆ ಸಿಗುವುದು ಮೂರು, ಮೂರೂವರೆ ಯೂನಿಟ್.

ಹಾಗಾಗಿ ಒಟ್ಟಿಗೆ ಬದಲಿಸದೆ, ಲೋಡ್ ಹೆಚ್ಚು ಬೇಡದ ಕೆಲಸದಿಂದ ಆರಂಭಿಸಿದೆ. ಮೊದಲು ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರ್. 25 ಡಿಗ್ರಿಯ ನೀರನ್ನು ಕುದಿಸಲು 75 ಡಿಗ್ರಿ ಏರಿಸಬೇಕು. ಬಿಸಿಲೇ ಅದನ್ನು 60ಕ್ಕೆ ತಂದುಕೊಟ್ಟರೆ ಹೆಚ್ಚುಕಡಿಮೆ ಅರ್ಧ ಕೆಲಸ ಮುಗಿದಂತೆ. ಮಳೆಗಾಲದಲ್ಲಿ ಇಷ್ಟು ಸಿಗುವುದಿಲ್ಲ, ಮಲೆನಾಡಿನ ಅಂಚಿನಲ್ಲಿರುವವರು ಆ ಕೊರತೆಯನ್ನು ಕಳೆದೇ ವರ್ಷದ ಲೆಕ್ಕ ಹಾಕಬೇಕು.

ಎರಡನೆಯದು ಇಡ್ಲಿಗೆ ವಿದ್ಯುತ್ ಬಾಯ್ಲರ್, ಆಮೇಲೆ ಸಾಂಬಾರಿಗೆ ಇಂಡಕ್ಷನ್. ನಮ್ಮಲ್ಲಿ ಇಡ್ಲಿ ಬೇಯುವುದು ನಸುಕಿನಲ್ಲಿ, ಊಟದ ಸಾಂಬಾರು ಕುದಿಯುವುದು ಬೆಳಗಿನ ತಿಂಡಿಯ ಗದ್ದಲ ಇಳಿದ ಮೇಲೆ. ಎರಡೂ ಒಟ್ಟಿಗೆ ನಡೆಯದಂತೆ ವೇಳೆ ಕಟ್ಟಿಕೊಂಡಿದ್ದರಿಂದ 10 ಕಿಲೋವ್ಯಾಟ್ ಹೆಚ್ಚಿಸಿದರೆ ಸಾಕಾಯಿತು. ನನ್ನ ಮಟ್ಟಿಗೆ ಲಾಭ ನಷ್ಟವನ್ನು ತೀರ್ಮಾನಿಸಿದ್ದು ಯಂತ್ರಗಳ ಬೆಲೆಗಿಂತ ಈ ವೇಳಾಪಟ್ಟಿ.

ದೋಸೆಯ ಕಾವಲಿಯನ್ನು ಮಾತ್ರ ಮುಟ್ಟಿಲ್ಲ. ಇಂಡಕ್ಷನ್ ಸುರುಳಿಗಿಂತ ಕಾವಲಿ ಅಗಲ. ಪ್ರಯೋಗಕ್ಕೆ ಹೊಯ್ದ ದೋಸೆಯನ್ನು ಎತ್ತಿ ತೋರಿಸಿದ ಭಟ್ಟರು, “ಯಜಮಾನರೇ, ನಡುವೆ ಸೀದಿದೆ, ಅಂಚು ಇನ್ನೂ ಹಸಿ,” ಎಂದರು. ಅಲ್ಲಿಗೆ ಆ ಮಾತು ನಿಂತಿತು. ಕರೆಂಟು ಕೈಕೊಟ್ಟ ದಿನ ಸಾಂಬಾರಿಗೂ ಆ ಗ್ಯಾಸೇ ಆಸರೆ.

ಖಾತೆಯ ಪುಸ್ತಕದಲ್ಲಿ ಬರೆಯಲಾಗದ ಲಾಭವೂ ಇದೆ. ಬಾಯ್ಲರಿನ ಬಳಿ ನಿಲ್ಲುವ ಹುಡುಗರಿಗೆ ಈಗ ಉರಿಯ ಝಳ ಮುಖಕ್ಕೆ ಹೊಡೆಯುವುದಿಲ್ಲ. ಇದಕ್ಕೆ ನಾನು ಹಣದಷ್ಟೇ ಬೆಲೆ ಕೊಡುತ್ತೇನೆ. ವಾಣಿಜ್ಯ ಸಿಲಿಂಡರಿನ ದರ ತಿಂಗಳ ಮೊದಲ ದಿನ ಏರಿಳಿಯುತ್ತದೆ. 2022ರ ಮೇ ತಿಂಗಳಲ್ಲಿ ದೆಹಲಿಯಲ್ಲಿ 2,355 ರೂಪಾಯಿ ದಾಟಿತ್ತು. ದೇಶಕ್ಕೆ ಬೇಕಾದ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು, ಇನ್ನೊಮ್ಮೆ ಹಾಗೆ ಏರದೆಂಬ ಭರವಸೆ ಯಾರಿಗಿದೆ?

ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನಿಂದ ಬರುತ್ತದೆ ಎಂಬುದು ನನಗೆ ಗೊತ್ತು. ಅದಕ್ಕೇ ಮುಂದಿನ ಸಾಲವನ್ನು ತಾರಸಿಯ ಸೌರ ಫಲಕಗಳಿಗೆಂದು ಇಟ್ಟಿದ್ದೇನೆ. ಸರ್ಕಾರವನ್ನು ನಾನು ಕೇಳುವುದು ಯಂತ್ರಕ್ಕೆ ಸಬ್ಸಿಡಿಯನ್ನಲ್ಲ: ಗ್ಯಾಸ್ ಬಿಡುವ ಸಣ್ಣ ಹೋಟೆಲುಗಳಿಗೆ ಹೆಚ್ಚುವರಿ ಲೋಡಿನ ನಿಗದಿತ ಶುಲ್ಕವನ್ನು ಮೊದಲ ಎರಡು ವರ್ಷ ಮನ್ನಾ ಮಾಡಲಿ.