ಮೊದಲು ಕಿವಿ, ಆಮೇಲೆ ದುರ್ಬೀನು: ಗ್ರೀನಿಶ್ ವಾರ್ಬ್ಲರ್ ಗುರುತಿಸುವ ಬಗೆ

ಎಲೆ ಉಲಿಯಕ್ಕಿಗಳ (ಲೀಫ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಗಳ) ಗುಂಪಿನ ಗ್ರೀನಿಶ್ ವಾರ್ಬ್ಲರ್ ಅನ್ನು ನಾನು ಹುಡುಕುವುದು ಕಿವಿಯಿಂದ. ಉದ್ದ 10–11 ಸೆಂ.ಮೀ., ತೂಕ ಸುಮಾರು 8 ಗ್ರಾಂ, ಬೆನ್ನು ಬೂದು ಬೆರೆತ ಮಾಸಲು ಹಸಿರು. ಮರದ ಮೇಲ್ಭಾಗದ ಎಲೆಗಳ ನಡುವೆ ಹುಳು ಆಯುತ್ತಾ ಓಡಾಡುತ್ತಿರುತ್ತದೆ. ದುರ್ಬೀನು ಎತ್ತುವಷ್ಟರಲ್ಲಿ ಇನ್ನೊಂದು ಕೊಂಬೆಗೆ ಹಾರಿರುತ್ತದೆ. ಆದರೆ ಬಾಯಿ ಮುಚ್ಚಿ ಕೂರುವ ಹಕ್ಕಿಯಲ್ಲ. ಎರಡು ಸ್ವರ ಅಂಟಿಕೊಂಡಂಥ ಚುರುಕು 'ಚಿಸ್ಲಿ' ಕೇಳಿದರೆ ಅದೇ.

ಹಿಮಾಲಯ, ಸೈಬೀರಿಯಾ, ಪೂರ್ವ ಯುರೋಪಿನ ಕಾಡುಗಳಲ್ಲಿ ಮರಿಮಾಡಿ, ಸೆಪ್ಟೆಂಬರ್ ಹೊತ್ತಿಗೆ ದಕ್ಷಿಣ ಭಾರತಕ್ಕೆ ಇಳಿಯುತ್ತದೆ. ಏಪ್ರಿಲ್‌ವರೆಗೂ ಇಲ್ಲೇ. ಕಾಡು, ತೋಪು, ದೊಡ್ಡ ಮರಗಳಿರುವ ಉದ್ಯಾನ, ಎಲ್ಲವೂ ಆಗುತ್ತದೆ.

ಮರದ ಬುಡದಲ್ಲಿ ನಿಂತರೆ ಬಿಳಿಚು ಹೊಟ್ಟೆಯಷ್ಟೇ ಕಾಣುತ್ತದೆ, ಕತ್ತು ನೋವು ಬೇರೆ. ಬಿಸಿಲಿಗೆ ಬೆನ್ನು ಮಾಡಿ 15–20 ಮೀಟರ್ ದೂರ ನಿಲ್ಲುತ್ತೇನೆ. ಹತ್ತು ಪಟ್ಟು ಹಿಗ್ಗಿಸುವ 10×ಗಿಂತ 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನ) ದುರ್ಬೀನು ವಾಸಿ. ನೋಟದ ಹರವು ಹೆಚ್ಚು, ಚಂಚಲ ಹಕ್ಕಿ ಬೇಗ ಸಿಗುತ್ತದೆ. ಮೊದಲು ತಲೆ ನೋಡುತ್ತೇನೆ: ಕಣ್ಣಿನ ಮೇಲೆ ಉದ್ದನೆಯ ತೆಳು ಹಳದಿ ಹುಬ್ಬು, ನೆತ್ತಿಯ ನಡುವೆ ಪಟ್ಟೆ ಇಲ್ಲ. ಪಟ್ಟೆ ಇದ್ದರೆ ಅದು ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರ್. ಗ್ರೀನಿಶ್‌ನ ಕೆಳಕೊಕ್ಕು ತಿಳಿಬಣ್ಣದ್ದು.

ಹೊಸಬರು ಎಡವುವುದು ರೆಕ್ಕೆಯ ಪಟ್ಟಿಯಲ್ಲಿ. ಪುಸ್ತಕದಲ್ಲಿ ಒಂದು ತೆಳು ಬಿಳಿ ಪಟ್ಟಿ ಎಂದಿರುತ್ತದೆ, ಆದರೆ ಗರಿ ಸವೆದಂತೆ ಅದು ಮಾಯವಾಗಬಹುದು. ಪಟ್ಟಿ ಕಾಣಲಿಲ್ಲವೆಂದು ಬ್ಲೈತ್ಸ್ ರೀಡ್ ವಾರ್ಬ್ಲರ್ ಎಂದು ಬರೆದುಕೊಂಡರೆ ತಪ್ಪಾಯಿತು. ಅದು ಕಂದುಬಣ್ಣದ್ದು, ಹೆಚ್ಚಾಗಿ ಪೊದೆಯೊಳಗೆ ಇರುವುದು, ಕೂಗು ಒಣಗಿದ 'ಚೆಕ್'. ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ ಕಾಡಿಸುವುದು ಲಾರ್ಜ್-ಬಿಲ್ಡ್ ಲೀಫ್ ವಾರ್ಬ್ಲರ್. ನೆತ್ತಿ ಗಾಢಬಣ್ಣದ್ದಾಗಿ, ಕೊಕ್ಕು ದಪ್ಪಗಿದ್ದರೂ ಎಲೆಮರೆಯಲ್ಲಿ ಕೊಕ್ಕು ಅಳೆಯುವವರು ಯಾರು? ಅದರ ಕೂಗಿನ ಎರಡನೇ ಸ್ವರ ಎತ್ತರಕ್ಕೇರುತ್ತದೆ. ನಾನು ನಂಬುವುದು ಅದನ್ನೇ.

ಚಳಿಗಾಲದಲ್ಲೂ ಒಂದೊಂದು ಗ್ರೀನಿಶ್ ತನ್ನದೇ ಎಲ್ಲೆ ಕಾಯುತ್ತದೆ, ಆ ಕೂಗು ಬೇರೆಯವರಿಗೆ ಎಚ್ಚರಿಕೆ. ಎಣಿಕೆಗೆ ಇದು ಅನುಕೂಲ: ಬೆಳಗಿನ ಮೊದಲೆರಡು ತಾಸಿನಲ್ಲಿ ಒಂದೇ ದಾರಿ ನಡೆದು, ಒಟ್ಟಿಗೆ ಕೇಳಿದ ದನಿಗಳನ್ನಷ್ಟೇ ಬೇರೆ ಹಕ್ಕಿ ಎಂದು ಲೆಕ್ಕ ಹಾಕುತ್ತೇನೆ. ಮೊಬೈಲಿನಲ್ಲಿ ಕೂಗು ಕೇಳಿಸಿ ಕರೆಯುವುದಿಲ್ಲ. ಎದುರಾಳಿ ಬಂದನೆಂದು ಮೇವು ಬಿಟ್ಟು ಓಡಿ ಬರುತ್ತದೆ, ಎಣಿಕೆಯೂ ಕೆಡುತ್ತದೆ.