ಪೈಥಾನ್‌ನಲ್ಲಿ ಫೈಲಿನೊಳಗೆ ಓದುವ ಮತ್ತು ಬರೆಯುವ ಸ್ಥಾನವನ್ನು ಸರಿಸುವ ವಿಧಾನ

ಪೈಥಾನ್‌ನಲ್ಲಿ ತೆರೆದ ಫೈಲಿಗೆ ಒಂದು ಪ್ರಸ್ತುತ ಸ್ಥಾನವಿರುತ್ತದೆ. ಸಾಮಾನ್ಯವಾಗಿ ಮುಂದಿನ ಓದು ಅಥವಾ ಬರಹ ಅಲ್ಲಿಂದಲೇ ಆರಂಭವಾಗುತ್ತದೆ. ಆ ಸ್ಥಾನವನ್ನು ತಿಳಿಸುವುದು ಟೆಲ್, ಬದಲಿಸುವುದು ಸೀಕ್. ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವವರು ಮೊದಲೇ ಮನದಟ್ಟು ಮಾಡಿಕೊಳ್ಳಬೇಕಾದದ್ದೆಂದರೆ, ಸೀಕ್ ಎಣಿಸುವುದು ಬೈಟ್‌ಗಳನ್ನೇ ಹೊರತು ಅಕ್ಷರಗಳನ್ನಲ್ಲ. ಪಠ್ಯವನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರಕ್ಷರವಾಗಿ ಕಂಡರೂ, ಒತ್ತಕ್ಷರವನ್ನು ಉಂಟುಮಾಡುವ ಹಲಂತವೂ ಸೇರಿ ಅದರಲ್ಲಿ 5 ಸಂಕೇತಗಳಿದ್ದು, ಫೈಲಿನಲ್ಲಿ 15 ಬೈಟ್ ಆಕ್ರಮಿಸುತ್ತದೆ.

ಸೀಕ್‌ಗೆ ಎರಡು ಸಂಖ್ಯೆಗಳನ್ನು ಕೊಡಬಹುದು. ಮೊದಲನೆಯದು ಎಷ್ಟು ಬೈಟ್ ಸರಿಯಬೇಕು ಎಂಬುದನ್ನೂ, ಎರಡನೆಯದು ಎಲ್ಲಿಂದ ಎಣಿಸಬೇಕು ಎಂಬುದನ್ನೂ ಹೇಳುತ್ತದೆ: 0 ಎಂದರೆ ಫೈಲಿನ ಆರಂಭ, 1 ಎಂದರೆ ಈಗಿರುವ ಸ್ಥಾನ, 2 ಎಂದರೆ ಕೊನೆ. ಎರಡನೆಯದನ್ನು ಬಿಟ್ಟರೆ 0 ಎಂದೇ ಅರ್ಥ. ಸೀಕ್ ತಾನು ತಲುಪಿದ ಸ್ಥಾನವನ್ನು ಹಿಂತಿರುಗಿಸುವುದರಿಂದ, ಬೈನರಿ ವಿಧದಲ್ಲಿ, ಅಂದರೆ ಬೈಟ್‌ಗಳನ್ನು ಇದ್ದಂತೆಯೇ ಕೊಡುವ ವಿಧದಲ್ಲಿ, ತೆರೆದ ಫೈಲಿಗೆ ಸೀಕ್(0, 2) ಎಂದು ಬರೆದರೆ ಫೈಲಿನ ಗಾತ್ರವೇ ಉತ್ತರವಾಗಿ ಸಿಗುತ್ತದೆ.

ಫೈಲನ್ನು ಪಠ್ಯ ವಿಧದಲ್ಲಿ ತೆರೆದಿದ್ದರೆ ಈ ಸ್ವಾತಂತ್ರ್ಯ ಬಹಳ ಮಟ್ಟಿಗೆ ಹೋಗುತ್ತದೆ. ಅಲ್ಲಿ ಆರಂಭಕ್ಕೆ, ಕೊನೆಗೆ ಅಥವಾ ಹಿಂದೆ ಟೆಲ್ ಕೊಟ್ಟ ಸ್ಥಾನಕ್ಕೆ ಮಾತ್ರ ಹೋಗಬಹುದು. ಈಗಿರುವಲ್ಲಿಂದ 10 ಬೈಟ್ ಮುಂದೆ ಎಂದರೆ ಪೈಥಾನ್ ಒಪ್ಪುವುದಿಲ್ಲ. ಫಾರ್ ಲೂಪಿನಲ್ಲಿ ಸಾಲುಗಳನ್ನು ಓದುತ್ತಿರುವಾಗ ಟೆಲ್ ಕೂಡ ದೋಷ ಕೊಡುತ್ತದೆ, ಆದ್ದರಿಂದ ಪ್ರತಿ ಸಾಲಿನ ಸ್ಥಾನವನ್ನು ಗುರುತಿಟ್ಟುಕೊಳ್ಳಬೇಕಾದಲ್ಲಿ ರೀಡ್‌ಲೈನ್ ಬಳಸಬೇಕು. ನನ್ನ ಅಭಿಪ್ರಾಯದಲ್ಲಿ ಸೀಕ್ ಬೇಕಾದ ಕಡೆ ಫೈಲನ್ನು ಬೈನರಿ ವಿಧದಲ್ಲಿಯೇ ತೆರೆದು, ಓದಿದ ಬೈಟ್‌ಗಳನ್ನು ಆಮೇಲೆ ಡಿಕೋಡ್ ಮಾಡುವುದು, ಅಂದರೆ ಪಠ್ಯವಾಗಿ ಪರಿವರ್ತಿಸುವುದು, ಲೇಸು.

ದೊಡ್ಡದೊಂದು ಕನ್ನಡ ಲಾಗ್ ಫೈಲಿನ ಕೊನೆಯ ಕೆಲವು ಸಾಲುಗಳಷ್ಟೇ ಬೇಕಾಗಿವೆ ಎಂದುಕೊಳ್ಳೋಣ. ನೇರವಾಗಿ ಸೀಕ್(-4096, 2) ಎಂದು ಬರೆದರೆ, ಫೈಲ್ ಅದಕ್ಕಿಂತ ಚಿಕ್ಕದಾಗಿದ್ದಾಗ ಸ್ಥಾನ ಆರಂಭಕ್ಕಿಂತಲೂ ಹಿಂದೆ ಬಿದ್ದು ಓಎಸ್‌ಎರರ್ ಎಂಬ ದೋಷ ಬರುತ್ತದೆ. ಹಾಗಾಗಿ ಮೊದಲು ಮೇಲೆ ಹೇಳಿದಂತೆ ಗಾತ್ರವನ್ನು ಪಡೆದು, ಅದರಲ್ಲಿ 4096 ಕಳೆದು, ಫಲ ಸೊನ್ನೆಗಿಂತ ಕಡಿಮೆಯಾದರೆ ಸೊನ್ನೆಯನ್ನೇ ಇಟ್ಟುಕೊಂಡು, ಆ ಸ್ಥಾನಕ್ಕೆ ಸೀಕ್ ಮಾಡಿ ಅಲ್ಲಿಂದ ಕೊನೆಯವರೆಗೆ ಓದಬೇಕು. ನಾವು ಇಳಿದ ಜಾಗ ಒಂದು ಸಂಕೇತದ ಬೈಟ್‌ಗಳ ನಟ್ಟನಡುವೆ ಇರಬಹುದು. ಆ ತುಂಡನ್ನು ಹಾಗೆಯೇ ಡಿಕೋಡ್ ಮಾಡಿದರೆ ಯೂನಿಕೋಡ್ ದೋಷ ಖಚಿತ. ಇದಕ್ಕೆ ಪರಿಹಾರ ಸರಳವಾಗಿದೆ: ಆರಂಭದಿಂದ ಓದಿಲ್ಲದಿದ್ದರೆ, ಮೊದಲ ಹೊಸಸಾಲಿನ ಬೈಟ್‌ವರೆಗಿನ ಭಾಗವನ್ನು ಅದನ್ನೂ ಸೇರಿಸಿ ಕತ್ತರಿಸಿ, ಉಳಿದುದನ್ನು ಡಿಕೋಡ್ ಮಾಡಬೇಕು. ಹೊಸಸಾಲಿನ ಬೆಲೆ 10. ಯುಟಿಎಫ್-8ರ ಬಹುಬೈಟ್ ಸಂಕೇತಗಳಲ್ಲಿ ಎಲ್ಲ ಬೈಟ್‌ಗಳೂ 128 ಅಥವಾ ಅದಕ್ಕಿಂತ ಹೆಚ್ಚಾಗಿರುವುದರಿಂದ ಅದು ಯಾವ ಕನ್ನಡ ಅಕ್ಷರದೊಳಗೂ ಕಾಣಿಸಿಕೊಳ್ಳದು. 4096 ಬೈಟ್ ಎಂದರೆ ಕನ್ನಡದಲ್ಲಿ ಸುಮಾರು 1365 ಸಂಕೇತಗಳಷ್ಟೇ ಎಂಬುದನ್ನು ನೆನಪಿಟ್ಟುಕೊಂಡು, ಸಾಲುಗಳು ಉದ್ದವಾಗಿದ್ದರೆ ಇನ್ನೂ ಹಿಂದಕ್ಕೆ ಹೋಗಬೇಕು.

ಬರೆಯುವಾಗ ಹೆಚ್ಚು ಎಚ್ಚರ ಬೇಕು. ಇರುವ ಫೈಲನ್ನು ಅಳಿಸದೆ ತಿದ್ದಲು ‘ಆರ್+ಬಿ’ ವಿಧ ಬಳಸಬೇಕು. ‘ಡಬ್ಲ್ಯೂ’ ತೆರೆದ ಕ್ಷಣವೇ ಹಳೆಯದನ್ನೆಲ್ಲ ಅಳಿಸುತ್ತದೆ. ‘ಎ’ ವಿಧದಲ್ಲಿ ಲಿನಕ್ಸ್‌ನಂಥ ವ್ಯವಸ್ಥೆಗಳ ಮೇಲೆ ಎಲ್ಲಿಗೆ ಸೀಕ್ ಮಾಡಿದರೂ ಬರಹ ಫೈಲಿನ ಕೊನೆಗೇ ಸೇರುತ್ತದೆ. ಕೊನೆಯನ್ನೂ ದಾಟಿ ಸೀಕ್ ಮಾಡಿ ಬರೆದರೆ, ನಡುವಿನ ಜಾಗವನ್ನು ಓದಿದಾಗ ಸೊನ್ನೆ ಬೈಟ್‌ಗಳೇ ಸಿಗುತ್ತವೆ.

ಫೈಲಿನ ನಡುವೆ ಬರೆದರೆ ಅಲ್ಲಿದ್ದುದರ ಮೇಲೆಯೇ ಬರೆದಂತಾಗುತ್ತದೆ, ಮುಂದಿನ ಪಠ್ಯ ಸರಿದು ಜಾಗ ಕೊಡುವುದಿಲ್ಲ. ‘ಕನ್ನಡ’ ಇದ್ದ ಕಡೆ ‘ತುಳು’ ಎಂದು ಬರೆದೆವು ಎಂದುಕೊಳ್ಳೋಣ. ‘ತುಳು’ ಗುಣಿತ ಚಿಹ್ನೆಗಳೂ ಸೇರಿ 12 ಬೈಟ್. ಇಂಥ ಲೆಕ್ಕವನ್ನು ಕಣ್ಣಂದಾಜಿಗೆ ಬಿಡದೆ, ಎನ್‌ಕೋಡ್ ಮಾಡಿದ ಪದದ ಉದ್ದವನ್ನು ಲೆನ್ ಮೂಲಕವೇ ಪಡೆಯಬೇಕು. ಇಲ್ಲಿ ಹಳೆಯ ಪದದ ಕೊನೆಯ 3 ಬೈಟ್, ಅಂದರೆ ‘ಡ’, ಹಾಗೆಯೇ ಉಳಿದು ‘ತುಳುಡ’ ಎಂದಾಗುತ್ತದೆ. ಉದ್ದ ಹೊಂದದಿದ್ದಾಗ, ತಿದ್ದಿದ ಪಠ್ಯವನ್ನು ಪೂರ್ತಿಯಾಗಿ ಹೊಸ ಫೈಲಿಗೆ ಬರೆದು ಮುಚ್ಚಿ, ಓಎಸ್.ರಿಪ್ಲೇಸ್ ಮೂಲಕ ಅದನ್ನು ಹಳೆಯದರ ಜಾಗಕ್ಕೆ ತರುವುದು ಸುರಕ್ಷಿತ.