ಯಾರ್ಕ್‌ಶೈರಿನ ಇಂಗ್ಲಿಷ್‌ಗೆ ನನ್ನ ಕಿವಿ ಒಗ್ಗಿದ್ದು ಹೀಗೆ

ನಾನು ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿರುವ ಲೀಡ್ಸ್‌ನಲ್ಲಿ ಫಾರ್ಮಸಿಸ್ಟ್. ಇಲ್ಲಿಗೆ ಹೊಸದಾಗಿ ಬರುವ ಕನ್ನಡದವರು ಮೊದಲು ಕೇಳುವುದು ಒಂದೇ: "ಇವರ ಇಂಗ್ಲಿಷ್ ತಲೆಗೇ ಹೋಗ್ತಿಲ್ಲ, ನೀವು ಹೇಗೆ ಕಲಿತಿರಿ?" ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆ ಸ್ಕೋರ್ ತೆಗೆದವರಿಗೂ ಹೀಗೇ ಆಗುತ್ತದೆ. ನಾವು ಕೇಳಿ ಬೆಳೆದದ್ದು ಜಾಸ್ತಿ ದಕ್ಷಿಣ ಇಂಗ್ಲೆಂಡಿನ ನ್ಯೂಸ್ ಓದುವ ಇಂಗ್ಲಿಷ್. ಯಾರ್ಕ್‌ಶೈರಿನವರು ಹಾಗೆ ಮಾತಾಡುವುದಿಲ್ಲ, ಅಷ್ಟೇ.

ನಾನು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಸ್ಪೆಲಿಂಗ್ ಮರೆತು, ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಕನ್ನಡದಲ್ಲಿ ಬರೆದುಕೊಂಡೆ. ಬಸ್ಸಿಗೆ ‘ಬುಸ್’, ಕಪ್ಪಿಗೆ ‘ಕುಪ್’, ಯಾರು ಬಂದರೂ ಪ್ರೀತಿಯಿಂದ ‘ಲುವ್’. 17ನೇ ಶತಮಾನದಲ್ಲಿ ದಕ್ಷಿಣದವರು ಈ ಉಕಾರವನ್ನು ಎರಡಾಗಿ ಒಡೆದರು (‘ಪುಟ್’ನಲ್ಲಿ ಉ ಹಾಗೇ ಉಳಿಯಿತು, ‘ಕಪ್’ನಲ್ಲಿ ಅ ಥರ ಆಯಿತು), ಉತ್ತರದವರು ಒಡೆಯಲಿಲ್ಲ. ಹಾಗಾಗಿ ಇದನ್ನು ತಪ್ಪು ಉಚ್ಚಾರಣೆ ಅನ್ನಬೇಡಿ, ಹಳೆಯದು ಅನ್ನಿ. ಲಂಡನ್ ಕಡೆಯವರು ‘ಬಾತ್’ (bath) ಎಂದು ಎಳೆಯುವಲ್ಲಿ ಇವರು ಕ್ಯಾಟ್‌ನಲ್ಲಿರುವ ಸ್ವರವನ್ನೇ ಚಿಕ್ಕದಾಗಿ ಹೇಳಿ ಮುಗಿಸುತ್ತಾರೆ.

ಬರೆಯುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು, ನನಗಂತೂ ತುಂಬಾ ಖುಷಿಯಾಯಿತು. ಲಂಡನ್ನಿನವರ ‘ಡೇ’, ‘ಗೋ’ ಶುರುವಾದ ಕಡೆಯೇ ನಿಲ್ಲುವುದಿಲ್ಲ, ಕೊನೆಗೆ ‘ಇ’, ‘ಉ’ ಕಡೆಗೆ ಜಾರುತ್ತವೆ. ಇಲ್ಲಿನ ಹಿರಿಯರ ಬಾಯಲ್ಲಿ ಅವು ನೆಟ್ಟಗೆ ನಿಲ್ಲುತ್ತವೆ, ಹೆಚ್ಚುಕಡಿಮೆ ನಮ್ಮ ಏ, ಓ ಥರವೇ. ಅಂದರೆ ನಾವು ಊರಲ್ಲಿ ಹೇಳುತ್ತಿದ್ದ ‘ಹೋಮ್’ ಇಲ್ಲಿ ಯಾರಿಗೂ ವಿಚಿತ್ರ ಅನಿಸುವುದಿಲ್ಲ!

ಕಷ್ಟ ಕೊಟ್ಟದ್ದು ‘ದಿ’ (the). ಅದನ್ನು ಪೂರ್ತಿ ಹೇಳುವುದೇ ಇಲ್ಲ, ಗಂಟಲಲ್ಲಿ ಒಂದು ಸಣ್ಣ ತಡೆ, ಅಷ್ಟರಲ್ಲಿ ಮುಂದಿನ ಪದ ಬಂದಿರುತ್ತದೆ. ಅದಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ, ಒಂದು ಚುಕ್ಕೆ ಇಟ್ಟೆ. ಅಡುಗೆ ಮಾಡುವಾಗ ಬಿಬಿಸಿ ರೇಡಿಯೋ ಲೀಡ್ಸ್ ಹಾಕಿಕೊಂಡು, ಕೇಳುಗರು ಫೋನ್ ಮಾಡಿ ಮಾತಾಡುವ ಕಾರ್ಯಕ್ರಮ ಕೇಳುತ್ತಿದ್ದೆ. ನಿರೂಪಕರ ಮಾತಿಗಿಂತ ಫೋನ್ ಮಾಡುವವರ ಮಾತೇ ಒಳ್ಳೆ ಪಾಠ. ಇನ್ನೊಂದು ಪಾಠ ಹಳೆಯ ಧ್ವನಿಮುದ್ರಣಗಳು. ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ಮತ್ತು ಜೊತೆಯವರು 1950ರಿಂದ 1961ರವರೆಗೆ 313 ಕಡೆ ಹೋಗಿ, ಹೆಚ್ಚಾಗಿ ಹಳ್ಳಿಯ ವಯಸ್ಸಾದವರ ಮಾತನ್ನು ದಾಖಲಿಸಿದರು. ಅದರ ಕೆಲವು ಧ್ವನಿಮುದ್ರಣಗಳು ಈಗಲೂ ಕೇಳಲು ಸಿಗುತ್ತವೆ. ಅವು ಅರ್ಥವಾದರೆ ಕೌಂಟರಿನ ಮಾತು ಸಲೀಸು.

ನನ್ನ ಮಾತಿನ ವಿಚಾರಕ್ಕೆ ಬಂದರೆ, ಇವರ ಥರ ಮಾತಾಡಲು ನಾನು ಹೋಗಲಿಲ್ಲ, ಹೋಗಬೇಕಾಗಿಯೂ ಇಲ್ಲ. ಔಷಧಿ ಕೊಡುವವರ ಮಾತು ಸ್ಪಷ್ಟವಾಗಿದ್ದರೆ ಸಾಕು. ಎರಡೇ ಎರಡು ಬದಲಾಯಿಸಿದೆ. ನಾವು ‘ಪಿಲ್’ ಅಂದರೆ ಇವರಿಗೆ ‘ಬಿಲ್’ ಅಂತ ಕೇಳಿಸಬಹುದು, ಯಾಕೆಂದರೆ ಪದದ ಮೊದಲಲ್ಲಿ ಬರುವ ಪ, ಟ, ಕ ಜೊತೆ ಇವರು ಉಸಿರು ಬಿಡುತ್ತಾರೆ, ನಾವು ಬಿಡುವುದಿಲ್ಲ. ಬಾಯಿ ಮುಂದೆ ಒಂದು ಚೂರು ಟಿಶ್ಯೂ ಪೇಪರ್ ಹಿಡಿದು ‘ಪಿಲ್’ ಅನ್ನಿ. ಪೇಪರ್ ಅಲ್ಲಾಡಿದರೆ ಸರಿಯಾಗಿದೆ ಅಂತ ಅರ್ಥ. ಇನ್ನೊಂದು, ಒತ್ತು. ‘ಪ್ಯಾರಸಿಟಮಾಲ್’ ಅನ್ನುವಾಗ ನಾವು ಎಲ್ಲಾ ಅಕ್ಷರಕ್ಕೂ ಒಂದೇ ತೂಕ ಕೊಡುತ್ತೇವೆ. ಇಲ್ಲಿ ಭಾರವೆಲ್ಲ ‘ಸೀ’ ಮೇಲೆ, ಉಳಿದದ್ದು ಹಗುರ.

ಎಷ್ಟೇ ಕಿವಿ ಪಳಗಿದರೂ ಫೋನಿನಲ್ಲಿ 15 ಮತ್ತು 50ನ್ನು ಕಿವಿಗೇ ಬಿಡಬೇಡಿ. "ಒನ್ ಫೈವ್?" ಅಂತ ಬಿಡಿಸಿ ಕೇಳಿ. ಇದು ಡೋಸಿನ ವಿಚಾರ, ಸಂಕೋಚ ಬೇಡ.

ಊರಿನ ಹೆಸರುಗಳಿಗೆ ಮಾತ್ರ ಬಾಯಿಪಾಠವೇ ಗತಿ. ಅಕ್ಷರ (Keighley) ನೋಡಿ ‘ಕೀಗ್ಲಿ’ ಅಂತ ಓದಿಕೊಳ್ಳುವ ಊರು ಬಾಯಲ್ಲಿ ‘ಕೀತ್ಲಿ’. ಅಡ್ರೆಸ್ ಬರೆದುಕೊಳ್ಳುವಾಗ ಅವರನ್ನೇ ಕೇಳಿಬಿಡಿ, ತಮ್ಮೂರ ಹೆಸರನ್ನು ಎರಡೆರಡು ಸಲ ಹೇಳಿಕೊಡುತ್ತಾರೆ.